ಆವಿಗೆ ಮೀಸಲಾದ ನೀರು

ಜುಲೈ ೯
ಮಳೆ ೨೨.೬ ಮಿ.ಮೀ. ಗರಿಷ್ಠ ೨೯.೮, ಕನಿಷ್ಠ ೨೨.೪. ತೇವಾಂಶ ಶೇ. ೮೮.

ಬೀದಿಯಲ್ಲಿ ಮೂರು ಮಕ್ಕಳಿಗೆ ಡೆಂಗಿ ಜ್ವರ. ತಪ್ಪಿತಸ್ಥ ಯಾರೆಂಬುದು ಬೆಳಿಗ್ಗೆ ನಾನು ಹಾಲು ತರಲು ಹೋಗುವಷ್ಟರಲ್ಲೇ ತೀರ್ಮಾನವಾಗಿತ್ತು: ಹವೆ. ಅಂದರೆ ನಾನು. ಅಂಗಡಿಯವನು ಹಾಲಿನ ಪ್ಯಾಕೆಟ್ ಕೈಗಿಡುತ್ತ, ನಿಮ್ಮ ಹವೆ ಮಕ್ಕಳನ್ನೆಲ್ಲ ಮಲಗಿಸ್ತಾ ಇದೆಯಲ್ಲ ಸಾರ್ ಎಂದ. ಇಪ್ಪತ್ತಾರು ವರ್ಷದಿಂದ ನಾನು ಮಳೆಯನ್ನು ಅಳೆಯುತ್ತಿದ್ದೇನೆಯೇ ಹೊರತು ಸುರಿಸುತ್ತಿಲ್ಲ ಎಂದು ಈ ಬೀದಿಗೆ ಯಾರಾದರೂ ಡಂಗುರ ಹೊಡೆದು ಹೇಳಿದರೆ ದೊಡ್ಡ ಉಪಕಾರ. ಬಿಸಿಲು ಸುಟ್ಟರೂ ಗೂಬೆ ಕೂರುವುದು ನನ್ನ ತಲೆಯ ಮೇಲೆ, ಒಗೆದ ಬಟ್ಟೆ ಒಣಗದಿದ್ದರೂ ನನ್ನ ತಲೆಯ ಮೇಲೆ. ಬೀದಿಯವರು ಕರೆಯುವುದೂ ಹಾಗೆಯೇ, ಮಳೆ ಸಾರ್ ಅಂತ.

ಹವಾಮಾನ ಇಲಾಖೆಯ ರಿಜಿಸ್ಟರಿನಲ್ಲಿ ‘ವಿಶೇಷ’ ಎಂಬ ಕಾಲಂ ಬೆರಳಗಲ ಇದೆ. ಗುಡುಗು, ಮಂಜು, ಆಲಿಕಲ್ಲು, ಇಷ್ಟಕ್ಕೇ ಅಲ್ಲಿ ಜಾಗ. ಅಂಗಡಿಯವನ ಬುದ್ಧಿವಂತಿಕೆಗೆ ಜಾಗವಿಲ್ಲ. ಆದ್ದರಿಂದ ಈ ನೋಟುಬುಕ್ಕು.

ಮಗಳೂ ಅವಳ ಐದು ವರ್ಷದ ಮಗಳೂ ನನ್ನ ಮನೆಗೆ ಬಂದು ಎರಡು ತಿಂಗಳಾಯಿತು. ಅಳಿಯ ಹಡಗಿನ ಇಂಜಿನಿಯರ್, ವರ್ಷಕ್ಕೆ ಎಂಟು ತಿಂಗಳು ನೀರಿನ ಮೇಲೆ. ಮಗಳಿಗೆ ಇಲ್ಲೇ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದೆ. ಮೊಮ್ಮಗಳಿಗೆ ಅಪ್ಪ ಅಮ್ಮ ಇಟ್ಟ ಚಂದದ ಹೆಸರೊಂದಿದೆ, ಆದರೆ ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಬಿಡುವಿಲ್ಲದ ಕಾರಣ ನನಗೆ ಅವಳು ಗಿಣಿ. ಜ್ವರದ ಭಯಕ್ಕೆ ಅವಳ ಶಿಶುವಿಹಾರ ಮುಚ್ಚಿದ್ದಾರೆ. ಹಗಲೆಲ್ಲ ಮನೆಯೊಳಗೇ ಇಟ್ಟುಕೋ ಎಂದು ಮಗಳ ಆಜ್ಞೆ. ಗಿಣಿಯನ್ನು ಎರಡು ಕೋಣೆಯಲ್ಲಿ ಕೂಡಿಹಾಕಿ ನೋಡಲಿ, ಆಮೇಲೆ ಆಜ್ಞೆ ಮಾಡಲಿ.

ನಾನು ಉಪಾಯ ಕಂಡುಕೊಂಡಿದ್ದೇನೆ. ಮನೆಯ ಹಿಂದೆಯೇ ನನ್ನ ವೀಕ್ಷಣಾ ಕೇಂದ್ರ. ಸುತ್ತ ತಂತಿ ಬೇಲಿ, ಒಳಗೆ ಒಪ್ಪವಾಗಿ ಕತ್ತರಿಸಿದ ಹುಲ್ಲು, ಉಷ್ಣಮಾಪಕಗಳ ಬಿಳಿ ಪೆಟ್ಟಿಗೆ, ಮಳೆಮಾಪಕ, ಆವಿ ಅಳೆಯುವ ತೊಟ್ಟಿ. ಬೀದಿಯ ಜ್ವರದ ಮಕ್ಕಳು ಅತ್ತ ಸುಳಿಯುವಂತಿಲ್ಲ. ಇಡೀ ಊರಿನಲ್ಲಿ ಮಗುವಿಗೆ ಅದಕ್ಕಿಂತ ಕ್ಷೇಮವಾದ ಜಾಗ ತೋರಿಸಿ, ನನ್ನ ಮೀಸೆ ಬೋಳಿಸುತ್ತೇನೆ.

ಜುಲೈ ೧೪
ಮಳೆ ಇಲ್ಲ. ಗರಿಷ್ಠ ೩೧.೨, ಕನಿಷ್ಠ ೨೩.೦. ತೇವಾಂಶ ಶೇ. ೭೯.

ನಗರಸಭೆಯಿಂದ ಒಬ್ಬಳು ಆರೋಗ್ಯ ಕಾರ್ಯಕರ್ತೆ ಬಂದಿದ್ದಳು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸೀಮೆಸುಣ್ಣ. ಮನೆಮನೆಗೆ ಹೊಕ್ಕು ಕೊಡ, ಬಕೆಟ್ಟು, ಹೂಕುಂಡದ ತಟ್ಟೆ, ಫ್ರಿಜ್ಜಿನ ಬೆನ್ನು ಎಲ್ಲಕ್ಕೂ ಬೆಳಕು ಬಿಟ್ಟು ಸೊಳ್ಳೆಯ ಮರಿ ಹುಡುಕುವುದು, ಬಾಗಿಲ ಮೇಲೆ ತಾರೀಖು ಗೀಚುವುದು, ಇದು ಕೆಲಸ. ಹಾಡುಹಗಲಲ್ಲಿ ಟಾರ್ಚು ಹಿಡಿದು ತಿರುಗುವ ಈ ಟಾರ್ಚಮ್ಮ ನೇರ ನನ್ನ ಬೇಲಿಗೇ ಬಂದಳು. ಒಳಗೆ ದೊಡ್ಡ ತೊಟ್ಟಿ ಕಾಣ್ತಾ ಇದೆ, ನೋಡಬೇಕು ಎಂದಳು.

ಇದು ನಿಷೇಧಿತ ಪ್ರದೇಶ ಎಂದು ಫಲಕವಿದೆ, ಓದಲು ಬರುತ್ತದೆಯೇ ಎಂದೆ. ಬರುತ್ತದೆ, ಸೊಳ್ಳೆಗೆ ಬರುವುದಿಲ್ಲ ಎಂದಳು. ಬಾಯಿ ಜೋರು. ಹಾಳಾಗಿ ಹೋಗಲಿ ಎಂದು ತೊಟ್ಟಿ ತೋರಿಸಿದೆ. ವಾರಕ್ಕೊಮ್ಮೆ ತೊಳೆಯುವ ತೊಟ್ಟಿ ಅದು, ತಳದಲ್ಲಿ ಮುಖ ನೋಡಿಕೊಳ್ಳಬಹುದು. ಹತ್ತು ನಿಮಿಷ ಬೆಳಕು ಬಿಟ್ಟು ಹುಡುಕಿದಳು, ಏನೂ ಸಿಗಲಿಲ್ಲ. ಬೇರೆ ನೀರೇನಾದರೂ ಇಟ್ಟಿದ್ದೀರಾ ಎಂದು ಕೇಳಿದಳು. ಇದು ವಿಜ್ಞಾನದ ಜಾಗ, ಬಚ್ಚಲುಮನೆಯಲ್ಲ ಎಂದು ಹೇಳಿ ಗೇಟಿನ ತನಕ ಬಿಟ್ಟು ಬಂದೆ.

ಡ್ರಮ್ಮಿನ ವಿಷಯ ಹೇಳಲಿಲ್ಲ. ಹೇಳಿದ್ದರೆ ಅರ್ಥವಾಗುತ್ತಿರಲಿಲ್ಲ. ತೊಟ್ಟಿಯಿಂದ ದಿನಕ್ಕೆ ಎಷ್ಟು ನೀರು ಆವಿಯಾಯಿತೆಂದು ಅಳೆದು, ಅಷ್ಟನ್ನು ತಿರುಗಿ ತುಂಬಬೇಕು. ನಲ್ಲಿಯ ತಣ್ಣೀರನ್ನೇ ಸುರಿದರೆ ತೊಟ್ಟಿಯ ನೀರಿನ ಉಷ್ಣಾಂಶ ಕೆಟ್ಟು ಅಳತೆ ಸುಳ್ಳಾಗುತ್ತದೆ. ಬೇರೆ ಕೇಂದ್ರದವರಿಗೆ ಇದರ ಪರಿವೆಯೇ ಇಲ್ಲ. ನಾನು ಮಾತ್ರ ಉಗ್ರಾಣದ ಗೋಡೆಯ ಹಿಂದೆ, ದಿನಕ್ಕೆ ಎರಡು ಗಂಟೆ ಬಿಸಿಲು ತಾಗುವ ಜಾಗದಲ್ಲಿ, ಒಂದು ಡ್ರಮ್ಮು ಇಟ್ಟು ಅದರ ನೀರನ್ನೇ ಬಳಸುತ್ತೇನೆ. ಅದರ ಉಷ್ಣಾಂಶ ತೊಟ್ಟಿಗಿಂತ ಅರ್ಧ ಡಿಗ್ರಿ ಆಚೀಚೆ ಹೋಗುವುದಿಲ್ಲ. ಖಾಲಿ ಮಾಡಿದರೆ ಈ ಹದ ಸಿಗಲು ವಾರ ಬೇಕು, ಆದ್ದರಿಂದ ಖಾಲಿ ಮಾಡುವ ಮಾತೇ ಇಲ್ಲ. ಎರಡು ದಿನಕ್ಕೊಮ್ಮೆ ಕಡಿಮೆಯಾದಷ್ಟು ತುಂಬುತ್ತೇನೆ, ಅಷ್ಟೆ. ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬರು ‘ಅನುಕರಣೀಯ’ ಎಂದು ಬರೆದು ಸಹಿ ಹಾಕಿದ್ದಾರೆ. ಟಾರ್ಚಮ್ಮನ ಸೀಮೆಸುಣ್ಣಕ್ಕೆ ಇದೆಲ್ಲ ಎಲ್ಲಿ ತಿಳಿಯಬೇಕು.

ಜುಲೈ ೧೯
ಮಳೆ ಇಲ್ಲ. ಗರಿಷ್ಠ ೩೨.೦, ಕನಿಷ್ಠ ೨೩.೩. ತೇವಾಂಶ ಶೇ. ೭೪.

ಗಿಣಿ ಈಗ ನನ್ನ ಸಹಾಯಕ ವೀಕ್ಷಕಿ. ಬೆಳಿಗ್ಗೆ ಎಂಟೂವರೆಗೆ ನಾನು ಓದಿದ ಅಂಕಿಯನ್ನು ಬೇಲಿಯ ಕಂಬಕ್ಕೆ ಗಟ್ಟಿಯಾಗಿ ಹೇಳುತ್ತಾಳೆ. ಸಂಜೆ ಮತ್ತೆ ಹಾಜರು. ನಡುವೆ ಉಗ್ರಾಣದ ನೆರಳಲ್ಲಿ ಆಟ. ಈಚೆಗೆ ಅಕ್ಷರ ಕಲಿಯುತ್ತಿದ್ದಾಳೆ, ಕಂಡಕಂಡಲ್ಲಿ ಅಕ್ಷರ ಕಾಣುತ್ತದೆ. ಇವತ್ತು ಡ್ರಮ್ಮಿನ ಪಕ್ಕ ಕಲ್ಲಿನ ಮೇಲೆ ನಿಂತು, ಅಜ್ಜ, ನೀರಲ್ಲಿ ತುಂಬಾ ಕೊಂಬುಗಳು ಕುಣೀತಾ ಇವೆ ಎಂದಳು. ಅಕ್ಷರಕ್ಕೆ ಹಚ್ಚುವ ಕೊಂಬು! ನಾನು ಹೋಗಿ ಬಗ್ಗಿ ನೋಡಿದೆ, ಏನೂ ಇಲ್ಲ. ನೀನು ಬಂದ ತಕ್ಷಣ ಎಲ್ಲಾ ಕೆಳಗೆ ಓಡಿಹೋದವು ಎಂದು ನನ್ನನ್ನೇ ಗದರಿದಳು. ಕವಿಯಾಗುವ ಲಕ್ಷಣ ಇದೆ. ಮಗಳಿಗೆ ಹೇಳಿದೆ, ನಕ್ಕಳು.

ಗಿಣಿಯ ಮೊಣಕಾಲ ಕೆಳಗೆಲ್ಲ ಸೊಳ್ಳೆ ಕಚ್ಚಿದ ಗುಳ್ಳೆ. ಪಕ್ಕದ ಟೈಲರಮ್ಮನ ಮನೆ ಕಡೆಯಿಂದ ಬರುತ್ತಿರಬೇಕು.

ಜುಲೈ ೨೫
ಮಳೆ ಇಲ್ಲ. ಗರಿಷ್ಠ ೩೨.೬, ಕನಿಷ್ಠ ೨೩.೮. ತೇವಾಂಶ ಶೇ. ೭೧.

ಕೊನೆಗೂ ಈ ಊರಿನಲ್ಲಿ ಒಬ್ಬರಿಗೆ ಬುದ್ಧಿ ಇದೆ ಎಂದು ಗೊತ್ತಾಯಿತು. ದೊಡ್ಡಾಸ್ಪತ್ರೆಯ ಮಕ್ಕಳ ಡಾಕ್ಟರು ನನ್ನನ್ನು ಕರೆಸಿದ್ದರು. ಎರಡು ವರ್ಷದ ಮಳೆ, ಉಷ್ಣಾಂಶ, ತೇವಾಂಶ ವಾರದ ಲೆಕ್ಕದಲ್ಲಿ ಬೇಕಂತೆ, ಜ್ವರದ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಲು. ನನ್ನ ಅಂಕಿಗಳನ್ನು ಇಪ್ಪತ್ತಾರು ವರ್ಷದಲ್ಲಿ ಒಬ್ಬರಾದರೂ ಕೇಳಿ ಪಡೆದದ್ದು ಇದೇ ಮೊದಲು. ಮುತ್ತು ಪೋಣಿಸಿದ ಹಾಗೆ ಬರೆದುಕೊಂಡು ಹೋದೆ.

ಚಿಕ್ಕ ವಯಸ್ಸಿನವರು. ತಾಳ್ಮೆಯಿಂದ ವಿವರಿಸಿದರು. ಮಳೆ ಬಂದ ದಿನವೇ ಜ್ವರ ಬರುವುದಿಲ್ಲ. ನಿಂತ ನೀರಲ್ಲಿ ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ, ಅದು ಒಬ್ಬ ರೋಗಿಯನ್ನು ಕಚ್ಚಿ ತನ್ನ ಮೈಯಲ್ಲಿ ವೈರಸ್ ಬಲಿಯಲು ಮತ್ತಷ್ಟು ದಿನ, ಸೆಕೆ ಹೆಚ್ಚಿದ್ದರೆ ಇನ್ನೂ ಬೇಗ. ಆಮೇಲೆ ಮಗುವಿನ ಮೈಯಲ್ಲಿ ಐದಾರು ದಿನ. ಅಂತೂ ಮಳೆಯಾದ ಮೂರು ನಾಲ್ಕು ವಾರಕ್ಕೆ ವಾರ್ಡು ತುಂಬುತ್ತದೆ. ಮನೆಗೆ ಬಂದು ಗ್ರಾಫ್ ಹಾಳೆಯಲ್ಲಿ ಊರಿನ ಒಟ್ಟು ಲೆಕ್ಕ ಬರೆದೆ. ಮಳೆಯ ಗೆರೆ ಏರುತ್ತದೆ, ಮೂರೂವರೆ ವಾರ ಬಿಟ್ಟು ಜ್ವರದ ಗೆರೆ ಅದರ ಹಿಂದೆಯೇ ಏರುತ್ತದೆ. ಚಂದವೋ ಚಂದ. ಮಕ್ಕಳ ಕಾಯಿಲೆಯ ಗ್ರಾಫು ಚಂದ ಎಂದು ಬರೆದದ್ದನ್ನು ಮಗಳು ಓದಿದರೆ ನನ್ನನ್ನು ಮನೆಯಿಂದ ಆಚೆ ಹಾಕುತ್ತಾಳೆ.

ಡಾಕ್ಟರು ಬೀದಿವಾರು ಪಟ್ಟಿಯನ್ನೂ ಕೊಟ್ಟಿದ್ದಾರೆ. ಅದನ್ನು ಇನ್ನೂ ಬಿಚ್ಚಿಲ್ಲ.

ಜುಲೈ ೨೮
ಮಳೆ ಇಲ್ಲ. ಗರಿಷ್ಠ ೩೩.೧, ಕನಿಷ್ಠ ೨೪.೦. ತೇವಾಂಶ ಶೇ. ೬೮.

ಹದಿನೈದು ದಿನದಿಂದ ತೊಟ್ಟು ಮಳೆಯಿಲ್ಲ. ಆದರೂ ನಮ್ಮ ಬೀದಿಯಲ್ಲಿ ಇನ್ನೆರಡು ಮಕ್ಕಳು ಮಲಗಿದವು. ಇನ್ನು ಸುಮ್ಮನಿದ್ದರೆ ಆಗದು ಎಂದು ಬೆಳಿಗ್ಗೆ ಬೀದಿ ಸುತ್ತಿದೆ. ಪಕ್ಕದ ಮನೆಯ ಟೈಲರಮ್ಮನ ಹಿತ್ತಿಲಲ್ಲಿ ಸಾಕ್ಷಿಯೇ ಕೈಗೆ ಸಿಕ್ಕಿತು: ಒಂದು ಅಗಲ ಟಬ್ಬು, ತುಂಬ ನೀರು. ರವಿಕೆಯೊಳಗಿನ ಅಸ್ತರಿನ ಬಟ್ಟೆ ಹೊಲಿದ ಮೇಲೆ ಕುಗ್ಗಬಾರದೆಂದು ಮೊದಲೇ ನೆನೆಸಿಡುತ್ತಾಳಂತೆ. ಬಟ್ಟೆ ಕುಗ್ಗಬಾರದು, ಬೀದಿಯ ಮಕ್ಕಳು ಏನಾದರೂ ಆಗಲಿ! ದಿನಾ ನೀರು ಬದಲಾಯಿಸ್ತೀನಿ ಸಾರ್ ಎಂದಳು. ಎಲ್ಲರೂ ಹೇಳುವುದು ಅದನ್ನೇ.

ಇಲಾಖೆಯ ಕಾಗದದಲ್ಲಿ, ಮೊಹರು ಹಾಕಿ, ನಗರಸಭೆಗೆ ದೂರು ಬರೆದೆ. ಒಂದೂವರೆ ಪುಟ. ಭಾಷೆ ಚೆನ್ನಾಗಿ ಕೂತಿದೆ.

ಆಗಸ್ಟ್ ೧
ಮಳೆ ಇಲ್ಲ. ಗರಿಷ್ಠ ೩೩.೪, ಕನಿಷ್ಠ ೨೪.೧. ತೇವಾಂಶ ಶೇ. ೬೬.

ನಗರಸಭೆ ಎಂದರೆ ಹೀಗಿರಬೇಕು. ಚರಂಡಿ ಒಡೆದಿದೆ ಎಂದು ಬರೆದರೆ ವರ್ಷವಾದರೂ ಯಾರೂ ಬರುವುದಿಲ್ಲ. ಮೊಹರಿನ ಮಹಿಮೆ, ನಾಲ್ಕೇ ದಿನಕ್ಕೆ ಟೈಲರಮ್ಮನ ಬಾಗಿಲಿಗೆ ಕೆಂಪಕ್ಷರದ ನೋಟೀಸು ಬಿತ್ತು. ‘ಈ ಮನೆ ಸೊಳ್ಳೆ ಉತ್ಪತ್ತಿಯ ತಾಣ.’ ಹೋಗುವವರು ಬರುವವರೆಲ್ಲ ನಿಂತು ಓದುತ್ತಿದ್ದಾರೆ. ಬೀದಿಯಲ್ಲಿ ಇಷ್ಟು ಓದುಗರಿದ್ದಾರೆಂದು ಗೊತ್ತಿರಲಿಲ್ಲ. ರವಿಕೆ ಹೊಲಿಯಲು ಕೊಟ್ಟ ಇಬ್ಬರು ಬಟ್ಟೆ ವಾಪಸು ತಂದುಕೊಂಡರಂತೆ. ಅದು ಸ್ವಲ್ಪ ಅತಿಯಾಯಿತು. ಬಟ್ಟೆಯಲ್ಲಿ ಸೊಳ್ಳೆ ಇರುತ್ತದೆಯೇ, ಪೆದ್ದರು.

ಆಗಸ್ಟ್ ೩
ಮಳೆ ಇಲ್ಲ. ಗರಿಷ್ಠ ೩೩.೦.

ಟೈಲರಮ್ಮನ ಮಗಳಿಗೂ ಜ್ವರ. ಏಳು ವರ್ಷದ ಹುಡುಗಿ. ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆ. ನೋಡಿದಿರಾ, ಅವರ ಟಬ್ಬು ಅವರಿಗೇ ತಿರುಗಿತು ಎಂದು ಅಂಗಡಿಯವನು ಹೇಳಿದ. ಹಾಲು ತೆಗೆದುಕೊಂಡು ಬಂದೆ.

ಸಂಜೆ ಟಾರ್ಚಮ್ಮ ಮತ್ತೆ ಬಂದಿದ್ದಳು. ನನ್ನ ದೂರಿನ ಮೇಲೆ ಬೀದಿಯ ಒಂದೊಂದು ಮನೆಯನ್ನೂ ಎರಡೆರಡು ಸಲ ಶೋಧಿಸಿದಳಂತೆ. ಎಲ್ಲೂ ಮರಿಯಿಲ್ಲ. ಟೈಲರಮ್ಮನ ಟಬ್ಬಿನಲ್ಲೂ ಇರಲಿಲ್ಲ. ಹಾಗಾದರೆ ನೋಟೀಸು ಯಾಕೆ ಎಂದೆ. ಇಲಾಖೆಯ ಮೊಹರಿತ್ತಲ್ಲ ಸಾರ್, ಅದಕ್ಕೆ ನಮ್ಮವರು ಮೊದಲು ಅಂಟಿಸಿದರು, ಆಮೇಲೆ ನನ್ನನ್ನು ನೋಡಲು ಕಳಿಸಿದರು ಎಂದಳು. ಹೋಗುವಾಗ ಪಾಠ ಬೇರೆ. ನೆರಳು ಬಿದ್ದರೆ ಮರಿಗಳು ತಳಕ್ಕೆ ಇಳಿಯುತ್ತವೆ, ಅಲುಗದೆ ಐದು ನಿಮಿಷ ನಿಂತರೆ ಮೇಲೆ ಬರುತ್ತವೆ, ಅವಸರ ಮಾಡುವವರಿಗೆ ಕಾಣುವುದಿಲ್ಲವಂತೆ. ನನಗೆ ವೀಕ್ಷಣೆ ಹೇಳಿಕೊಡಲು ಬಂದಿದ್ದಾಳೆ.

ಆಗಸ್ಟ್ ೫
ಮಳೆ ಇಲ್ಲ.

ಗಿಣಿ ಮಧ್ಯಾಹ್ನ ಊಟ ಬೇಡ ಎಂದಳು. ಸಂಜೆ ಮಾತು ಬೇಡ ಎಂದಳು. ಹಣೆ ಮುಟ್ಟಿದರೆ ಕಾದ ಹಂಚು. ೧೦೨.೮.

ಬರೀ ಸುಸ್ತು ಇರಬಹುದು. ಈ ಸೆಕೆಗೆ ಮಕ್ಕಳಿಗೆ ಹಾಗಾಗುತ್ತದೆ.

ಆಗಸ್ಟ್ ೬
ಬೆಳಿಗ್ಗೆ ೧೦೩.೧. ಮಧ್ಯಾಹ್ನ ೧೦೨.೪. ಸಂಜೆ ೧೦೩.೬.

ಡೆಂಗಿ. ರಕ್ತ ಪರೀಕ್ಷೆಯ ಚೀಟಿಯನ್ನು ಮಗಳು ಎರಡು ಸಲ ಓದಿ ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ದಿನಾ ಬೇರೆಯವರಿಗೆ ಜ್ವರದ ಮಾತ್ರೆ ಎಣಿಸಿ ಕೊಡುವವಳು. ತನ್ನ ಮಗಳಿಗೆ ಕೊಡುವಾಗ ಅರ್ಧ ಔಷಧಿ ದಿಂಬಿನ ಮೇಲೆ ಚೆಲ್ಲಿದಳು.

ಬೀದಿಯ ಎಲ್ಲ ಮಕ್ಕಳಿಂದಲೂ ದೂರ ಇಟ್ಟಿದ್ದೆ. ಒಂದೇ ಒಂದು ದಿನ ಆ ಬೇಲಿಯಿಂದ ಆಚೆ ಬಿಟ್ಟಿಲ್ಲ. ಎಲ್ಲಿಂದ ಬಂತು ಎಂಬುದೇ ನನಗೆ ತಿಳಿಯುತ್ತಿಲ್ಲ.

ಆಗಸ್ಟ್ ೮
ಬೆಳಿಗ್ಗೆ ೧೦೧.೯. ಪ್ಲೇಟ್‌ಲೆಟ್ ೮೮ ಸಾವಿರ.

ಆಸ್ಪತ್ರೆಗೆ ಸೇರಿಸಿದೆವು. ಒಂದು ಮಂಚಕ್ಕೆ ಇಬ್ಬರು ಮಕ್ಕಳು, ಎಲ್ಲ ಮಂಚಕ್ಕೂ ಸೊಳ್ಳೆಪರದೆ. ಕೈ ಊದಿಕೊಂಡಿದ್ದರಿಂದ ಸೂಜಿಗೆ ನರ ಸಿಗಲಿಲ್ಲ. ಮೂರನೆಯ ಸಲ ಚುಚ್ಚುವಾಗ ಗಿಣಿ ಅಳಲೂ ಇಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಎದುರು ಮಂಚದಲ್ಲಿ ಟೈಲರಮ್ಮನ ಮಗಳು. ತಾಯಿ ಸ್ಟೂಲಿನ ಮೇಲೆ ಕೂತಿದ್ದಾಳೆ, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿದೆ. ಅದನ್ನು ತೆಗೆದಿಡಬೇಕೆಂಬ ಗ್ಯಾನವೂ ಇಲ್ಲ. ನಾನು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಕೂತೆ.

ಆಗಸ್ಟ್ ೯
ಬೆಳಿಗ್ಗೆ ೯೮.೬. ಪ್ಲೇಟ್‌ಲೆಟ್ ೪೧ ಸಾವಿರ.

ಜ್ವರ ಬಿಟ್ಟಿತು! ಎಂಟೂವರೆಗೆ ನರ್ಸು ಅಂಕಿ ಹೇಳಿದಾಗ ನಾನು ವಾರ್ಡಿನಲ್ಲೇ ಕೈತಟ್ಟಿದೆ. ನಾಳೆಯೇ ಮನೆಗೆ ಎಂದು ಮಗಳಿಗೆ ಹೇಳಿದೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಈ ಕಾಯಿಲೆ ಮೋಸ ಮಾಡುವುದು ಇಲ್ಲೇ, ಜ್ವರ ಇಳಿದ ಮೇಲಿನ ಎರಡು ದಿನವೇ ಅಪಾಯ ಎಂದರು. ರಕ್ತದ ನೀರು ನಾಳದಿಂದ ಆಚೆ ಸೋರುತ್ತದಂತೆ. ಹೊಟ್ಟೆನೋವು, ಅಂಗೈ ಅಂಗಾಲು ತಣ್ಣಗಾಗುವುದು, ಮಂಕು, ಇದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರಿ ಎಂದರು. ಉಷ್ಣಾಂಶ ಇಳಿದರೆ ಒಳ್ಳೆಯದೆಂದು ಯಾರು ಬೇಕಾದರೂ ತಿಳಿಯುತ್ತಾರೆ, ನಾನಂತೂ ಅಂಕಿಯನ್ನೇ ನಂಬಿದವನು.

ಮಧ್ಯಾಹ್ನ ಎರಡಕ್ಕೆ ಅಂಗಾಲು ಮುಟ್ಟಿದೆ, ತಣ್ಣಗಿತ್ತು. ನರ್ಸನ್ನು ಕೂಗಿದ್ದು ನೆನಪಿದೆ, ಏನೆಂದು ಕೂಗಿದೆನೋ ನೆನಪಿಲ್ಲ. ಮೂರು ಜನ ಸುತ್ತ ನಿಂತು ಎರಡು ಕೈಗೂ ಸಲೈನ್ ಹಾಕಿದರು. ಮಗಳು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ದೇವರೇ, ಅವಳೊಂದು ಸಲ ಗಂಟಲು ಹರಿಯುವ ಹಾಗೆ ಮಾತಾಡಲಿ.

ಆಗಸ್ಟ್ ೧೦
ನಾಡಿ ೧೧೮. ಪ್ಲೇಟ್‌ಲೆಟ್ ೨೯ ಸಾವಿರ. ಗಂಟೆಗೊಮ್ಮೆ ರಕ್ತದೊತ್ತಡ.

ಸಲೈನ್ ಬಾಟಲಿಯ ಹನಿ ಎಣಿಸಿ ಎಣಿಸಿ ತಲೆ ಕೆಟ್ಟು, ಚೀಲದಲ್ಲಿದ್ದ ಬೀದಿವಾರು ಪಟ್ಟಿ ತೆಗೆದೆ. ಕಣ್ಣಿಗೆ ಬೇರೆ ಕೆಲಸ ಬೇಕಿತ್ತು. ನಮ್ಮ ಬೀದಿಯ ಲೆಕ್ಕವನ್ನು ಅದೇ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿದೆ. ಊರಿನ ಗೆರೆ ಮಳೆಯ ಹಿಂದೆ ಹೋಗುತ್ತದೆ. ನಮ್ಮ ಬೀದಿಯ ಗೆರೆ ಹೋಗುವುದಿಲ್ಲ. ಊರಲ್ಲಿ ಕಾಯಿಲೆ ಇಳಿಯುತ್ತಿರುವಾಗ ನಮ್ಮಲ್ಲಿ ಏರಿದೆ. ಕಳೆದ ವರ್ಷ ಏಪ್ರಿಲ್‌ನಲ್ಲಿ, ಎರಡು ತಿಂಗಳು ಹನಿ ಬೀಳದ ಬೇಸಿಗೆಯಲ್ಲಿ, ಇಡೀ ಊರಿನಲ್ಲಿ ಜ್ವರ ಬಂದದ್ದು ಇಬ್ಬರೇ ಮಕ್ಕಳಿಗೆ. ಇಬ್ಬರೂ ನಮ್ಮ ಬೀದಿಯವರು.

ಮಳೆ ಬೇಡದ ನೀರು ಎಲ್ಲೋ ಇದೆ. ಬೇಸಿಗೆಯಲ್ಲೂ ಯಾರೋ ತಪ್ಪದೆ ತುಂಬುತ್ತಿದ್ದಾರೆ. ಇಷ್ಟು ಯೋಚಿಸಿದ ಮೇಲೆ ಪೆನ್ಸಿಲು ಕೆಳಗಿಟ್ಟೆ.

ಮಗಳಿಗೆ ಸ್ನಾನ ಮಾಡಿ ಬರುತ್ತೇನೆಂದು ಹೇಳಿ ಮನೆಗೆ ಬಂದೆ. ಮಧ್ಯಾಹ್ನ ಮೂರು ಗಂಟೆ. ಟಾರ್ಚು ಹಿಡಿದು ಉಗ್ರಾಣದ ಹಿಂದೆ ಹೋದೆ, ಡ್ರಮ್ಮಿನ ಬಾಯನ್ನು ಅರ್ಧ ಮಾತ್ರ ಮುಚ್ಚುವ ಹಲಗೆ ಸರಿಸಿ ಅಲುಗದೆ ನಿಂತೆ. ಮೊದಲು ಏನೂ ಕಾಣಲಿಲ್ಲ. ನಾಲ್ಕು ನಿಮಿಷವಾದ ಮೇಲೆ ಒಂದು ಮೇಲೆ ಬಂತು, ಆಮೇಲೆ ಹತ್ತು, ಆಮೇಲೆ ನೀರಿನ ತುಂಬ. ಬಾಲ ಮೇಲೆ ಮಾಡಿ, ಬಾಗಿ, ನೆಟ್ಟಗಾಗಿ, ಕುಣಿಯುತ್ತಿದ್ದವು. ಮಗು ಸರಿಯಾಗಿಯೇ ಹೇಳಿತ್ತು. ಅರವತ್ತರ ತನಕ ಎಣಿಸಿ ಲೆಕ್ಕ ತಪ್ಪಿತು. ನಾನು ಎರಡು ದಿನಕ್ಕೊಮ್ಮೆ ಎರಡು ಬೆರಳು ಇಳಿಸಿ, ಎರಡು ಬೆರಳು ಏರಿಸುವ ನೀರಿನ ಅಂಚಿನಲ್ಲಿ, ಕಪ್ಪು ಪುಡಿ ಮೆತ್ತಿದ ಹಾಗೆ ಮೊಟ್ಟೆ.

ಅನುಕರಣೀಯ.

ಡ್ರಮ್ಮು ಉರುಳಿಸಿದೆ. ಒಣನೆಲ ಎಲ್ಲ ನೀರನ್ನೂ ಕುಡಿಯಿತು. ಒಳಗೆ ಕೈ ಹಾಕಿ ಬ್ರಷ್ಷಿನಿಂದ ಉಜ್ಜಿದೆ, ಕೈ ತರಚಿತು. ಆಸ್ಪತ್ರೆಗೆ ವಾಪಸಾದಾಗ, ಸ್ನಾನ ಮಾಡಿ ಬರ್ತೀನಿ ಅಂದು ಇದೇನು ಅವತಾರ ಎಂದು ಮಗಳು ಕೇಳಿದಳು. ನಲ್ಲಿಯಲ್ಲಿ ನೀರಿರಲಿಲ್ಲ ಎಂದೆ.

ಆಗಸ್ಟ್ ೧೧
ನಾಡಿ ೧೦೪. ಪ್ಲೇಟ್‌ಲೆಟ್ ೩೮ ಸಾವಿರ. ಅಂಗಾಲು ಬೆಚ್ಚಗೆ.

ಏರುತ್ತಿದೆ. ಬೆಳಿಗ್ಗೆ ಗಿಣಿ ಕಣ್ಣು ಬಿಟ್ಟು, ಅಜ್ಜನ ಮೀಸೆ ಕೊಳಕಾಗಿದೆ ಎಂದಳು. ಮಗಳೂ ನಾನೂ ನಗುತ್ತ ಅತ್ತೆವು. ಗಂಡಾಂತರ ದಾಟಿತು ಎಂದು ಡಾಕ್ಟರು ಹೇಳಿದರು.

ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ. ಡ್ರಮ್ಮು ಬೋರಲು ಬಿದ್ದಿದೆ, ನೀರು ಇಂಗಿದೆ. ಮುಂದೆ ಯಾವ ಮಗುವಿಗೂ ಅದರಿಂದ ಕೇಡಿಲ್ಲ. ಹೇಳಿದರೆ ಯಾರಿಗೆ ಲಾಭ? ನಿವೃತ್ತಿಗೆ ನಾಲ್ಕು ತಿಂಗಳಿರುವ ಮುದುಕನ ಮಾನ ಹರಾಜಾದರೆ ಯಾರ ಪ್ಲೇಟ್‌ಲೆಟ್ಟೂ ಏರುವುದಿಲ್ಲ. ಬಹಳ ಅಚ್ಚುಕಟ್ಟಾದ ವಾದ. ಮೊಹರು ಒಂದು ಕಡಿಮೆ.

ಆಗಸ್ಟ್ ೧೨
ಪ್ಲೇಟ್‌ಲೆಟ್ ೭೦ ಸಾವಿರ. ಎದುರು ಮಂಚದ ಹುಡುಗಿಗೆ ೨೨.

ಮಗಳೂ ಟೈಲರಮ್ಮನೂ ವರಾಂಡದಲ್ಲಿ ಕೂತಿದ್ದರು. ನಾನು ಒಳಗೆ ಗಿಣಿಗೆ ಗಂಜಿ ತಿನ್ನಿಸುತ್ತಿದ್ದೆ. ಟೈಲರಮ್ಮನ ಮಾತು ಕೇಳಿಸುತ್ತಿತ್ತು. ದಿನಾ ನೀರು ಬದಲಾಯಿಸುತ್ತಿದ್ದದ್ದು ನಿಜ, ಆದರೆ ಕಳೆದ ತಿಂಗಳು ಎರಡು ದಿನ ಕೆಲಸದ ಒತ್ತಡದಲ್ಲಿ ಮರೆತರಂತೆ. ಆ ಎರಡು ದಿನವೇ ತನ್ನ ಮಗುವನ್ನು ಇಲ್ಲಿ ಮಲಗಿಸಿತು, ಬೀದಿಯವರು ಹೇಳುವುದರಲ್ಲಿ ತಪ್ಪೇನಿದೆ ಎನ್ನುತ್ತಿದ್ದರು. ಗಂಡನೂ ಹಾಗೇ ಹೇಳಿ ಎದ್ದು ಹೋದವರು ಆಸ್ಪತ್ರೆಯ ಕಡೆ ತಲೆ ಹಾಕಿಲ್ಲವಂತೆ. ಅಳುತ್ತಿರಲಿಲ್ಲ. ತಪ್ಪು ಒಪ್ಪಿಕೊಂಡವರ ಹಾಗೆ ಮೆಲ್ಲಗೆ, ಒಂದೊಂದೇ ಹೇಳುತ್ತಿದ್ದರು.

ಗಂಜಿಯ ಬಟ್ಟಲು ಕೆಳಗಿಟ್ಟು ಹೊರಗೆ ಹೋದೆ.

“ನಿಮ್ಮ ಟಬ್ಬಿನಿಂದ ಅಲ್ಲಮ್ಮ. ನನ್ನ ಡ್ರಮ್ಮಿನಿಂದ. ನಾನೇ ಕಣ್ಣಾರೆ ನೋಡಿದೆ.”

ನಿಂತುಕೊಂಡೇ ಎಲ್ಲ ಹೇಳಿದೆ. ಗ್ರಾಫು, ಏಪ್ರಿಲ್, ಮೊಟ್ಟೆ. ದೂರು ಬರೆದವನೂ ನಾನೇ ಎಂಬುದನ್ನೂ ಹೇಳಿದೆ, ಅದು ಅವರಿಗೆ ಗೊತ್ತಿರಲಿಲ್ಲ. ಟೈಲರಮ್ಮ ಎದ್ದು ಒಳಗೆ ಹೋಗಿ ಮಗಳ ಕಾಲ ಬಳಿ ಕೂತರು.

ನನ್ನ ಮಗಳು ನನ್ನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಅವಳನ್ನ ದಿನಾ ಅಲ್ಲಿಗೆ ಕರ್ಕೊಂಡು ಹೋಗ್ತಿದ್ದಿದ್ದು ನೀನೇ ಅಲ್ವಾ ಅಪ್ಪ,” ಎಂದಳು.

ಹೌದು ಎಂದೆ.

ಆಗಸ್ಟ್ ೧೬

ಗಿಣಿ ನಿನ್ನೆ ಮನೆಗೆ ಬಂದಳು. ಎದುರು ಮಂಚದ ಹುಡುಗಿಯೂ ಇವತ್ತು ಬಂದಳು. ತೂಕ ಇಳಿದು ಫ್ರಾಕು ಹೆಗಲಿಂದ ಜಾರುತ್ತಿತ್ತು, ಆದರೆ ತನ್ನ ಕಾಲಲ್ಲೇ ಆಟೋ ಇಳಿದಳು. ಬಾಗಿಲ ಮೇಲಿನ ಕೆಂಪು ನೋಟೀಸನ್ನು ನೋಡಿ, ಇದು ಇನ್ನೂ ಇದೆಯಾ ಅಮ್ಮ ಎಂದು ಕೇಳಿದಳು. ನಾನು ನಮ್ಮ ಜಗುಲಿಯಲ್ಲಿದ್ದೆ.

ಮಗಳು ನನ್ನ ಜೊತೆ ಮಾತಾಡುತ್ತಾಳೆ. ಊಟಕ್ಕೆ ಬಾ, ಬಾಗಿಲು ಹಾಕು,  ಅಷ್ಟು. ಗಿಣಿ ಮಾತ್ರ ಹತ್ತು ದಿನದ ಬಾಕಿಯನ್ನೆಲ್ಲ ಸೇರಿಸಿ ಮಾತಾಡುತ್ತಿದ್ದಾಳೆ.

ಆಗಸ್ಟ್ ೧೮

ಎರಡು ದಿನದಿಂದ ಟಾರ್ಚಮ್ಮನ ಜೊತೆ ಬೀದಿ ಸುತ್ತುತ್ತಿದ್ದೇನೆ. ನಾನೇ ಹೋಗಿ ಕರೆದೆ. ಡ್ರಮ್ಮು ಉಜ್ಜಿದ್ದೇನೆ ಎಂದರೆ ನಂಬಲಿಲ್ಲ, ಬಂದು ತಾವೇ ಇನ್ನೊಮ್ಮೆ ಉಜ್ಜಿದರು. ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಕಾದು ಕೂರುತ್ತದಂತೆ, ನೀರು ತಾಗಿದರೆ ಸಾಕಂತೆ. ವೀಕ್ಷಣೆಯಲ್ಲಿ ನನಗಿಂತ ಚುರುಕು, ಅಳತೆಯ ಪಾತ್ರೆ ಮಾತ್ರ ಇಲ್ಲ. ಅವರ ಹಿಂದೆ ಸೀಮೆಸುಣ್ಣದ ಡಬ್ಬಿ ಹಿಡಿದು ನಡೆಯುವುದು ನನ್ನ ಪಾಲಿಗೆ ಬಂದ ಕೆಲಸ.

ಜ್ವರ ಬಂದ ಉಳಿದ ಐದು ಮನೆಗೂ ಹೋಗಿ ಡ್ರಮ್ಮಿನ ಕಥೆ ಹೇಳಿದೆ. ಒಬ್ಬರು ಬಾಗಿಲು ಮುಚ್ಚಿದರು. ಒಬ್ಬರು ಬಹಳ ಹೊತ್ತು ಬಾಯಿಗೆ ಬಂದಂತೆ ಬೈದರು. ಒಬ್ಬರು ಕಾಫಿ ಕೊಟ್ಟರು, ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಅಂಗಡಿಯವನಿಗೂ ಹೇಳಿದೆ. ಹವೆ ಅಲ್ವಾ ಸಾರ್ ಹಾಗಾದ್ರೆ ಎಂದ. ಹವೆಯೂ ಹೌದು, ನಾನೂ ಹೌದು ಎಂದೆ. ಅವನಿಗೆ ನಿರಾಸೆಯಾದಂತಿತ್ತು.

ನಗರಸಭೆಗೆ ದೂರು ವಾಪಸು ಪಡೆಯುವ ಕಾಗದ ಕೊಟ್ಟೆ. ನೋಟೀಸು ಅಂಟಿಸಲು ಆದೇಶ ಇತ್ತು, ಕೀಳಲು ಆದೇಶ ಇಲ್ಲ ಎಂದರು. ಕಡತ ತೆರೆಯಬೇಕಂತೆ.

ಆಗಸ್ಟ್ ೧೯

ಬೆಳಿಗ್ಗೆ ಎಂಟಕ್ಕೆ ಬಕೆಟ್ಟು, ಬಟ್ಟೆ, ಒಂದು ಹಳೆಯ ಚಾಕು ಹಿಡಿದು ಟೈಲರಮ್ಮನ ಬಾಗಿಲಿಗೆ ಹೋದೆ. ನಾನೇ ಕೀಳುತ್ತೇನೆ, ಒಪ್ಪಿಗೆ ಕೊಡಿ ಎಂದೆ. ಅವರು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದರು. ಎಲ್ಲರೂ ಎದ್ದಿದ್ದಾರಾ ಎಂದು ಬೀದಿಯ ಕಡೆ ನೋಡಿ, ಕೀಳಿ ಎಂದರು.

ನಗರಸಭೆಯ ಬೇರೆ ಯಾವ ಕೆಲಸವೂ ಇಷ್ಟು ಗಟ್ಟಿಯಾಗಿ ಆಗಿದ್ದು ನಾನು ಕಂಡಿಲ್ಲ. ಕಾಗದದ ಮೇಲ್ಪದರ ಬಂತು, ಅಂಟು ಬರಲಿಲ್ಲ. ನೆನೆಸಿ, ಕೆರೆದು, ಮತ್ತೆ ನೆನೆಸಿ. ಶಾಲೆಗೆ ಹೋಗುವ ಮಕ್ಕಳು ನಿಂತರು, ಅವರ ತಾಯಂದಿರು ನಿಂತರು, ಅಂಗಡಿಯವನು ಅಂಗಡಿ ಬಿಟ್ಟು ಬಂದು ನಿಂತ. ನನ್ನ ಬೆನ್ನ ಮೇಲೆ ಅಷ್ಟೂ ಜನರ ಕಣ್ಣಿತ್ತು. ‘ತಾಣ’ ಎಂಬ ಪದ ಕೊನೆಗೆ ಉಳಿಯಿತು, ಅದನ್ನು ಉಗುರಿನಿಂದ ತೆಗೆದೆ. ಮುಗಿದಾಗ ಒಂಬತ್ತು ದಾಟಿತ್ತು.

ಟೈಲರಮ್ಮ ಹೊರಗೆ ಬಂದರು. ಬಾಗಿಲ ಮೇಲೆ ಅಂಗೈ ಆಡಿಸಿ, ಎಲ್ಲ ಹೋಗಿದೆಯೇ ಎಂದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನನ್ನ ಮಗಳು ಬದುಕಿ ಬಂದಿದ್ದಾಳೆ ಸಾರ್. ಅದಕ್ಕೇ ನಿಮ್ಮ ಹತ್ರ ಮಾತಾಡ್ತಾ ಇದ್ದೀನಿ,” ಎಂದರು.

ಅಷ್ಟು ಹೇಳಿ ಒಳಗೆ ಹೋಗಿ ಮಿಷನ್ ತುಳಿಯತೊಡಗಿದರು. ನಾನು ಬಕೆಟ್ಟಿನ ನೀರು ಚೆಲ್ಲುವುದನ್ನೂ ಮರೆತು ಮೆಟ್ಟಿಲ ಮೇಲೆ ತುಂಬ ಹೊತ್ತು ನಿಂತಿದ್ದೆ.